ಅತಿಥಿ ಕುಳಿತ ಮೇಲೆಯೇ ಸ್ವಾಗತ ನೃತ್ಯ ಇಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ಇದೇ ಅಂಕಣದಲ್ಲಿ ಓದುಗರೊಬ್ಬರು ನಮ್ಮ ಉಡುಪಿಯ ಒಂದು ಸಮಾರಂಭದ ಬಗ್ಗೆ ಬರೆದಿದ್ದರು. ಇಂಡೋನೇಷ್ಯಾದ ವಿದ್ಯಾರ್ಥಿನಿಯರು ಹೆಗಲು ಕಾಣುವ ಉಡುಪಿನಲ್ಲಿ ಸ್ವಾಗತ ನೃತ್ಯ ಮಾಡಿದ್ದು ಅವರಿಗೆ ಹಿಡಿಸಲಿಲ್ಲ. ಕೃಷ್ಣನ ಊರಿನಲ್ಲಿ ಅತಿಥಿಗಳನ್ನು ಬರಮಾಡಿಕೊಳ್ಳುವ ರೀತಿ ಇದೇನಾ ಎಂದು ಕೇಳಿದ್ದರು. ಅದಕ್ಕೆ ಮೊದಲೇ ನಿಮ್ಮ ಪತ್ರಿಕೆಯಲ್ಲಿ ಆ ಕಾರ್ಯಕ್ರಮದ ಫೋಟೋ ಬಂದಿತ್ತು. ಕೆಳಗೆ ಒಂದೇ ಸಾಲು: ‘ವಿದೇಶಿ ಬೆಡಗಿಯರ ನೃತ್ಯ ರಂಜಿಸಿತು.’

ಆ ಹುಡುಗಿಯರಿಗೆ ಉಡುಪು ಉಡಿಸುವಾಗ ನಾನು ಜೊತೆಗಿದ್ದೆ. ಹಾಗಾಗಿ ಈ ಪತ್ರ.

ನನ್ನದು ನೃತ್ಯದ ಉಡುಪು ಹೊಲಿಯುವ, ಬಾಡಿಗೆಗೆ ಕೊಡುವ ಸಣ್ಣ ಅಂಗಡಿ. ನವೆಂಬರ್ ಬಂತೆಂದರೆ ಶಾಲೆಗಳ ವಾರ್ಷಿಕೋತ್ಸವ ಶುರು. ಭರತನಾಟ್ಯದ ಡ್ರೆಸ್, ಕೋಲಾಟದ ಲಂಗ, ಸೊಂಟಪಟ್ಟಿ, ಚೌರಿ, ಗೆಜ್ಜೆ, ಎಲ್ಲವೂ ಹೋಗಿ ಬರುತ್ತವೆ. ಅರ್ಧ ಹರಿದು ಬರುತ್ತವೆ, ಅದು ಬೇರೆ ಮಾತು. ಹೆಚ್ಚು ಕೇಳುವುದು ‘ಸ್ವಾಗತ ನೃತ್ಯಕ್ಕೆ ಆಂಟಿ’ ಎಂದು. ಸ್ವಾಗತ ನೃತ್ಯ ಇಲ್ಲದ ಸಭೆ ನಮ್ಮ ಜಿಲ್ಲೆಯಲ್ಲಿ ಈಗ ಇಲ್ಲ ಅಂತಲೇ ಹೇಳಬಹುದು. ಆದರೆ ಅದನ್ನು ಕುಳಿತು ನೋಡುವವರು ಯಾರು? ನನ್ನ ತಕರಾರು ಇರುವುದೇ ಅಲ್ಲಿ.

ಮೊದಲು ಆ ದಿನ ಏನಾಯಿತು ಹೇಳುತ್ತೇನೆ. ಸಂಸ್ಥೆಯ ಹೆಸರು ಬೇಡ. ಹೆಸರು ಹೇಳಿದರೆ ಅವರೊಬ್ಬರೇ ತಪ್ಪಿತಸ್ಥರು ಅಂತಾಗುತ್ತದೆ, ನಡೆಯುವುದು ಎಲ್ಲ ಕಡೆಯೂ ಹೀಗೆಯೇ.

ಐದು ಹುಡುಗಿಯರು. ಇಲ್ಲಿ ಹತ್ತಿರದಲ್ಲಿ ಓದುತ್ತಿರುವವರು. ಅವರಲ್ಲಿ ಒಬ್ಬಳು ಮಧ್ಯ ಜಾವಾದ ಸುರಕರ್ತ ನಗರದವಳು. ಅಲ್ಲಿನವರು ಆ ಊರಿಗೆ ಸೋಲೋ ಅಂತಲೇ ಹೇಳುತ್ತಾರಂತೆ. ಚಿಕ್ಕಂದಿನಿಂದ ನೃತ್ಯ ಕಲಿತವಳು. ಉಳಿದ ನಾಲ್ವರಿಗೆ ಅವಳೇ ಹಾಸ್ಟೆಲಿನಲ್ಲಿ ಕಲಿಸಿದ್ದು. ಅವಳ ಒಳಕವಚದ ಜಿಪ್ ಕಿತ್ತುಹೋಗಿತ್ತು. ಅದನ್ನು ಹಿಡಿದುಕೊಂಡು ಅಂಗಡಿಗೆ ಬಂದಳು. ಜಿಪ್ ತೆಗೆದು ಎರಡು ಸಾಲು ಹುಕ್ ಹಾಕಿ, ಒಳಗೆ ಅಸ್ತರ್ ಕೊಟ್ಟೆ. ಉಡುವುದು ಹೇಗೆ ಎಂದು ನೋಡುವ ಆಸೆಯಿಂದ ಕಾರ್ಯಕ್ರಮಕ್ಕೂ ಹೋದೆ. ಸುಮ್ನೆ ಅಲ್ಲ, ಪಿನ್ನು, ಸೂಜಿ, ದಾರ ಹಿಡಿದುಕೊಂಡೇ.

ಮೂರೂವರೆಗೆ ಬರಹೇಳಿದ್ದರು. ನಾಲ್ಕೂವರೆಗೆ ಸಭೆ. ಬಟ್ಟೆ ಬದಲಿಸಲು ಕೊಟ್ಟದ್ದು ಕುರ್ಚಿ ಪೇರಿಸಿಟ್ಟ ಒಂದು ಕೋಣೆ. ಕನ್ನಡಿ ಇಲ್ಲ, ಫ್ಯಾನ್ ಇಲ್ಲ, ಬಾಗಿಲಿಗೆ ಒಳಗಿನಿಂದ ಚಿಲಕ ಇಲ್ಲ. ಮುಖ್ಯ ಅತಿಥಿಗಳು ಬಂದಾಗ ಆರು ದಾಟಿತ್ತು. ಅದರ ಮೊದಲು, ಜನ ಗುಜುಗುಜು ಶುರು ಮಾಡಿದರು ಅಂತ, ‘ಈಗ ನೀವು ಶುರು ಮಾಡಿ, ಟೈಮ್ ಪಾಸ್ ಆಗ್ತದೆ’ ಎಂದು ಹುಡುಗಿಯರನ್ನು ವೇದಿಕೆಗೆ ಬಿಟ್ಟರು. ಹಾಡು ಅರ್ಧ ಆಗಿರಬಹುದು, ಗೇಟಿನ ಹತ್ತಿರ ಕಾರು ಬಂತು. ಮೈಕಿನಲ್ಲಿ ಒಬ್ಬರು ಘೋಷಣೆ ಶುರು ಮಾಡಿದರು. ಸೌಂಡಿನವನು ಹಾಡು ನಿಲ್ಲಿಸಿದ. ಹೊರಗೆ ಚೆಂಡೆ ಬಾರಿಸಿತು. ಸಭೆಗೆ ಸಭೆಯೇ ಎದ್ದು ಹಿಂದೆ ತಿರುಗಿತು.

ಐವರೂ ಎತ್ತಿದ ಕೈ ಎತ್ತಿದ ಹಾಗೆಯೇ ನಿಂತಿದ್ದರು. ಆಮೇಲೆ ಯಾರೋ ಕೈಸನ್ನೆ ಮಾಡಿ ‘ಒಳಗೆ, ಒಳಗೆ’ ಅಂದರು.

ಸ್ವಾಗತ ಮಾಡಬೇಕಾಗಿದ್ದವರು ವೇದಿಕೆಯಿಂದ ಕೆಳಗೆ, ಅತಿಥಿ ಇನ್ನೂ ಗೇಟಿನಲ್ಲಿ. ಹಾಗಾದರೆ ಆ ನೃತ್ಯ ಯಾರ ಸ್ವಾಗತಕ್ಕೆ ಇತ್ತು?

ಅವರು ಮಾಡುತ್ತಿದ್ದುದು ಗಂಬ್ಯೋಂಗ್ ಎನ್ನುವ ನೃತ್ಯ. ಜಾವಾದಲ್ಲಿ ಮದುವೆಗೆ, ದೊಡ್ಡ ಸಮಾರಂಭಗಳಿಗೆ ಬಂದವರನ್ನು ಸ್ವಾಗತಿಸುವುದು ಇದೇ ನೃತ್ಯದಿಂದ. ಹೆಂಗಸರು ಮಾತ್ರ ಮಾಡುವ ನೃತ್ಯ. ಅತಿಥಿಗಳು ಬಂದು ಕುಳಿತಿರುತ್ತಾರೆ, ಅವರ ಎದುರು ಮಾಡುವುದು. ಹತ್ತು ನಿಮಿಷದ ಆಚೆ ಈಚೆ ಆಗುತ್ತದೆ. ಅದರಲ್ಲಿ ಮೂರು ಭಾಗ ಉಂಟು. ನಿಧಾನವಾಗಿ ರಂಗಕ್ಕೆ ಬರುವುದು ಒಂದು, ಮುಖ್ಯ ನೃತ್ಯ ಒಂದು, ಹಿಂದೆ ಸರಿದು ರಂಗದಿಂದ ಹೋಗುವುದು ಇನ್ನೊಂದು. ಬರುವುದಕ್ಕೂ ಹೋಗುವುದಕ್ಕೂ ಬೇರೆ ಬೇರೆ ಹೆಜ್ಜೆ, ಬೇರೆ ಲಯ. ತುದಿಗಾಲಿನಲ್ಲಿ ಚಿಕ್ಕ ಚಿಕ್ಕ ಹೆಜ್ಜೆ ಇಟ್ಟು ಸರಸರನೆ ಸರಿಯುವ ನಡೆಗೆ ಸ್ರಿಸಿಗ್ ಎನ್ನುತ್ತಾರೆ. ನಮ್ಮ ಹುಡುಗಿಯರಿಗೆ ಹೋಗುವ ಭಾಗ ಸಿಗಲೇ ಇಲ್ಲ. ಅವರು ಮಾಮೂಲಿ ಹೆಜ್ಜೆ ಹಾಕಿ ನಡೆದು ಒಳಗೆ ಬಂದರು.

ನನ್ನ ಅಣ್ಣ ಯಕ್ಷಗಾನ ಮೇಳದಲ್ಲಿ ಮದ್ದಳೆಗಾರ. ಅವನಿಗೆ ಆಮೇಲೆ ಮೊಬೈಲಿನಲ್ಲಿ ಪೂರ್ತಿ ನೃತ್ಯ ತೋರಿಸಿದೆ. ಅವನು ಹುಡುಗಿಯರನ್ನು ನೋಡಿದ್ದು ಕಮ್ಮಿ, ಕಿವಿ ಕೊಟ್ಟದ್ದು ಜಾಸ್ತಿ. ಗಾಮೆಲಾನ್ ಅಂತ ಅವರ ವಾದ್ಯವೃಂದ. ಕಂಚಿನ ಪಟ್ಟಿಗಳು, ಕಂಚಿನ ಕೊಡದಂಥವು, ಜಾಗಟೆಯಂಥವು, ಹೆಚ್ಚಿನವನ್ನು ಬಡಿದು ನುಡಿಸುವುದು. 2021ರಲ್ಲಿ ಯುನೆಸ್ಕೊ ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಅದರ ನಡುವೆ ಕೆಂದಾಂಗ್ ಎನ್ನುವ ಎರಡು ಮುಖದ ಚರ್ಮವಾದ್ಯ. ಬರಿಗೈಯಲ್ಲಿ ಬಾರಿಸುತ್ತಾರೆ. ಅಣ್ಣ ಸ್ವಲ್ಪ ಹೊತ್ತು ಕೇಳಿ, ‘ಇದರಲ್ಲಿ ಕುಣಿಸುವುದು ಮದ್ದಳೆಯವನೇ ಮಾರಾಯ್ತಿ’ ಅಂದ. ಅವನು ಹೇಳಿದ್ದು ಸರಿ. ಗಂಬ್ಯೋಂಗಿನ ಒಂದೊಂದು ಚಲನೆಗೂ ಕೆಂದಾಂಗಿನಲ್ಲಿ ಅದರದೇ ನುಡಿತ ಇದೆ. ಬಾತಾಂಗನ್, ಪಿಲೆಸನ್, ಲಾಕು ತೆಲು ಎಂದು ಅವಕ್ಕೆ ಹೆಸರುಗಳೂ ಇವೆ. ಕೈ ಮಣಿಯುವುದೂ ಸೊಂಟ ತೂಗುವುದೂ ಆ ಪೆಟ್ಟಿಗೆ ಸರಿಯಾಗಿ. ಒಂದು ಆವರ್ತ ಮುಗಿದಾಗ ದೊಡ್ಡ ಜಾಗಟೆಯ, ಅಂದರೆ ಗೊಂಗಿನ ಪೆಟ್ಟು ಬೀಳುತ್ತದೆ. ಆ ಗೊಂಗ್ ಬೀಳುವ ತನಕ ಚಲನೆ ಮುಗಿದ ಹಾಗಲ್ಲ. ‘ಎಲ್ಲಿ ಕಟ್ ಮಾಡಿದರು?’ ಎಂದು ಅಣ್ಣ ಕೇಳಿದ. ತೋರಿಸಿದೆ. ಗೊಂಗಿಗೆ ಇನ್ನೂ ದೂರ ಇತ್ತು. ಅವನು ಮಾತಾಡಲಿಲ್ಲ, ಮೊಬೈಲ್ ವಾಪಸ್ ಕೊಟ್ಟ. ಮುಕ್ತಾಯ ಹಾಕದೆ ಯಾರೂ ಅವನ ಕೈಯಿಂದ ಮದ್ದಳೆ ಕಿತ್ತುಕೊಂಡದ್ದಿಲ್ಲ.

ಹಾಗೆಂದು ನಮ್ಮ ಯಕ್ಷಗಾನದ ಸ್ಥಿತಿಯೂ ಚೆನ್ನಾಗಿದೆ ಅಂತ ನಾನು ಹೇಳುವುದಿಲ್ಲ. ಪ್ರಸಂಗ ಶುರುವಾಗುವ ಮೊದಲು ಕೋಡಂಗಿ, ಬಾಲಗೋಪಾಲ, ಪೀಠಿಕೆ ಸ್ತ್ರೀವೇಷ ಎಂದು ಪೂರ್ವರಂಗ ಇರುತ್ತಿತ್ತು. ಕಲಿಯುವ ಹುಡುಗರಿಗೆ ಹೆಜ್ಜೆ ಗಟ್ಟಿಯಾಗುತ್ತಿದ್ದದ್ದು ಅಲ್ಲಿ. ರಾತ್ರಿಯಿಡೀ ಆಡುವ ಬದಲು ಕಾಲಮಿತಿ ಬಂದ ಮೇಲೆ ಎಷ್ಟೋ ಕಡೆ ಮೊದಲು ಕತ್ತರಿ ಬಿದ್ದದ್ದು ಅದಕ್ಕೇ. ಶುರುವಿನಲ್ಲಿ ಬರುವುದಕ್ಕೆ ಬೆಲೆ ಕಮ್ಮಿ ಎನ್ನುವುದು ನಮ್ಮಲ್ಲಿ ಈಗ ಅಭ್ಯಾಸ ಆಗಿಹೋಗಿದೆ.

ಇನ್ನು ಹೆಗಲಿನ ವಿಷಯಕ್ಕೆ ಬರುತ್ತೇನೆ. ಪತ್ರ ಬರೆದ ಮಹನೀಯರಿಗೆ ಉಡುಪಿನ ಬಗ್ಗೆ ಸ್ವಲ್ಪ ಹೇಳಬೇಕು. ಅದು ನನ್ನ ಕಸುಬು.

ಮೊದಲು ಸೊಂಟದಿಂದ ಪಾದದ ಗಂಟಿನ ತನಕ ಬಾಟಿಕ್ ಸೀರೆಯಂಥ ಉದ್ದ ಬಟ್ಟೆ ಸುತ್ತುತ್ತಾರೆ. ಅದಕ್ಕೆ ಜಾರಿಕ್ ಎನ್ನುತ್ತಾರೆ. ಮೇಣದಿಂದ ಚಿತ್ತಾರ ಬರೆದು ಬಣ್ಣಕ್ಕೆ ಅದ್ದುವ ಬಟ್ಟೆ. ಸೋಲೋದ ಬಾಟಿಕ್ ಅಂದರೆ ಕಂದು ಬಣ್ಣ, ದೂರದಿಂದಲೇ ಗುರುತು ಸಿಗುತ್ತದೆ. ಅದರ ಮುಂದಿನ ಅಂಚಿನಲ್ಲಿ ಬೆರಳಗಲದ ನೆರಿಗೆ. ಭರತನಾಟ್ಯದ ಡ್ರೆಸ್ಸಿನ ಮುಂದಿನ ನೆರಿಗೆ, ಅಂದರೆ ಬೀಸಣಿಗೆ, ನಾವು ಹೊಲಿದೇ ಇಡುತ್ತೇವೆ, ಹುಡುಗಿ ಬಂದು ಕಟ್ಟಿಕೊಂಡರೆ ಆಯಿತು. ಇವರದು ಹೊಲಿಗೆ ಅಲ್ಲ. ಕೈಯಲ್ಲಿ ಒಂದೊಂದೇ ಮಡಚಿ, ಕ್ಲಿಪ್ ಹಾಕಿ, ಭಾರದ ಕೆಳಗೆ ಒತ್ತಿ ಇಡುವುದು. ಹಿಂದಿನ ರಾತ್ರಿ ಕುಳಿತು ಮಡಚಿ ಪಠ್ಯಪುಸ್ತಕಗಳ ಕೆಳಗೆ ಇಟ್ಟಿದ್ದರು. ವೈದ್ಯಕೀಯದ ಪುಸ್ತಕಗಳು, ತೂಕಕ್ಕೆ ತೊಂದರೆ ಇರಲಿಲ್ಲ. ಆ ಮೇಲೆ ಸ್ತಾಗೆನ್ ಎನ್ನುವ ಮೀಟರ್‌ಗಟ್ಟಲೆ ಉದ್ದದ ಪಟ್ಟಿಯನ್ನು ಸೊಂಟಕ್ಕೆ ಬಿಗಿಯಾಗಿ ಸುತ್ತುತ್ತಾರೆ. ಅದರ ಮೇಲೆ ಎದೆಯಿಂದ ಸೊಂಟದ ಕೆಳಗಿನ ತನಕ ಬರುವ ಕೆಂಬೆನ್. ಇಷ್ಟು ಬಿಗಿ ಮತ್ತು ಇಷ್ಟು ಪದರ ನಾನು ಬಾಡಿಗೆಗೆ ಕೊಡುವ ಯಾವ ಡ್ರೆಸ್ಸಿನಲ್ಲೂ ಇಲ್ಲ. ನಾವು ಮದುವೆಗೆ ಉಡುವ ಜಾರ್ಜೆಟ್ ಸೀರೆ, ಅದರ ದಾರದ ರವಿಕೆ ನೋಡಿದವರು ಇದಕ್ಕೆ ಹೆಸರಿಡುವ ಹಾಗಿಲ್ಲ.

ಕೊನೆಗೆ ಹೆಗಲ ಮೇಲೆ ಒಂದು ಉದ್ದದ ಶಲ್ಯ, ಸಂಪುರ್ ಅಂತ. ಇದು ಬರೀ ಅಲಂಕಾರ ಅಲ್ಲ. ನೃತ್ಯದ ಉದ್ದಕ್ಕೂ ಬೆರಳತುದಿಯಲ್ಲಿ ಅದನ್ನು ಎತ್ತುತ್ತಾರೆ, ಚಿಮ್ಮಿಸುತ್ತಾರೆ, ಬಿಡುತ್ತಾರೆ. ಅದಕ್ಕೆ ತೋಳು ಪೂರ್ತಿ ಆಡಬೇಕು. ಕಣ್ಣು ಬೆರಳನ್ನು ಬಿಟ್ಟು ಬೇರೆಡೆ ಹೋಗುವುದಿಲ್ಲ. ಅಂಗಡಿಗೆ ಬರುವ ಭರತನಾಟ್ಯದ ಮಕ್ಕಳು ‘ಯತೋ ಹಸ್ತಸ್ತತೋ ದೃಷ್ಟಿಃ’ ಎಂದು ಬಾಯಿಪಾಠ ಹೇಳುತ್ತವೆ. ಈ ಹುಡುಗಿ ಆ ಶ್ಲೋಕ ಕೇಳಿದವಳೇ ಅಲ್ಲ. ಆದರೆ ಅವಳ ಗುರುಗಳು ಅವಳಿಗೆ ಮೊದಲು ಹೇಳಿಕೊಟ್ಟದ್ದೂ ಅದೇ, ಕೈ ಹೋದ ಕಡೆ ಕಣ್ಣು.

ವೇದಿಕೆ ಹತ್ತುವ ಸ್ವಲ್ಪ ಮೊದಲು ಸಂಘಟಕರೊಬ್ಬರು ಐದು ಶಾಲು ತಂದುಕೊಟ್ಟರು. ಹೆಗಲಿಗೆ ಹೊದೆಸಿ ಪಿನ್ನು ಹಾಕಿ ಎಂದು ನನಗೇ ಹೇಳಿದರು. ಸನ್ಮಾನಕ್ಕೆ ತಂದಿಟ್ಟಿದ್ದ ಶಾಲುಗಳು. ನಾನು ಹಾಕಲಿಲ್ಲ. ಶಾಲು ಹೊದ್ದರೆ ಸಂಪುರ್ ಎಲ್ಲಿ ನಿಲ್ಲಬೇಕು? ಕೈ ಎತ್ತಿದ ಕೂಡಲೇ ಪಿನ್ನು ಬಿಚ್ಚಿ ಚುಚ್ಚುತ್ತದೆ. ಅವರಿಗೆ ನಾನು ಹೇಳಿದ್ದು ಅಷ್ಟೇ. ಅದಕ್ಕಿಂತ ಜಾಸ್ತಿ ಹೇಳುವಷ್ಟು ಪುರುಸೊತ್ತು ಇರಲಿಲ್ಲ, ಹಾಗಾಗಿ ಈಗ ಹೇಳುತ್ತಿದ್ದೇನೆ.

ನಮ್ಮ ಕೃಷ್ಣ ಮಠದಲ್ಲಿ ಗಂಡಸರು ಅಂಗಿ ತೆಗೆದು ದೇವರ ಮುಂದೆ ಹೋಗುವ ಕ್ರಮ ಉಂಟು. ತೆರೆದ ಹೆಗಲು ಅಲ್ಲಿ ಮರ್ಯಾದೆ, ಅಲ್ವಾ? ಜಾವಾದ ಅರಮನೆಯಲ್ಲೂ ಹಾಗೆಯೇ, ಹೆಂಗಸರಿಗೂ. ಸುರಕರ್ತ, ಯೋಗ್ಯಕರ್ತ ಅರಮನೆಗಳಲ್ಲಿ ಸೇವೆ ಮಾಡುವ ಹೆಂಗಸರು ಇವತ್ತಿಗೂ ಕೆಂಬೆನ್ ಉಟ್ಟು, ಹೆಗಲು ತೆರೆದೇ ದೊರೆಯ ಎದುರು ಹೋಗುತ್ತಾರೆ. ಸುರಕರ್ತ ಅರಮನೆಯಲ್ಲಿ ಪಟ್ಟಾಭಿಷೇಕದ ದಿನವನ್ನು ನೆನೆದು ವರ್ಷಕ್ಕೊಮ್ಮೆ ಬೆದಾಯ ಕೆತಾವಾಂಗ್ ಎನ್ನುವ ನೃತ್ಯ ನಡೆಯುತ್ತದೆ. ಒಂಬತ್ತು ಹೆಂಗಸರು ಮಾಡುವುದು. ಅವರ ಪಾಲಿಗೆ ಅದಕ್ಕಿಂತ ಪವಿತ್ರ ನೃತ್ಯ ಇಲ್ಲ. ಅಲ್ಲಿಯೂ ಮದುಮಗಳ ಉಡುಪು, ತೆರೆದ ಹೆಗಲು. ಜಾವಾದಲ್ಲಿ ಹೆಚ್ಚಿನವರು ಮುಸ್ಲಿಮರು. ಈಗ ಕೆಲವು ಕಡೆ ಉದ್ದ ತೋಳು ತೊಟ್ಟು, ತಲೆ ಮುಚ್ಚಿಕೊಂಡು ಗಂಬ್ಯೋಂಗ್ ಮಾಡುವವರೂ ಇದ್ದಾರೆ. ಅದು ಅವರವರ ಇಷ್ಟ, ಅದಕ್ಕೆ ತಕ್ಕ ಹಾಗೆ ಮೊದಲೇ ಹೊಲಿಸಿಕೊಳ್ಳುತ್ತಾರೆ. ವೇದಿಕೆಯ ಮೆಟ್ಟಿಲ ಹತ್ತಿರ ಸನ್ಮಾನದ ಶಾಲು ತಂದು ಹೊದೆಸುವುದು ಅದಲ್ಲ.

ಪತ್ರದಲ್ಲಿ ಇನ್ನೊಂದು ಮಾತಿತ್ತು, ‘ಇಂಥ ನೃತ್ಯಗಳ ಮೂಲ ಏನೋ’ ಎಂದು. ಮೂಲ ನನಗೆ ಗೊತ್ತು, ಹೇಳಲು ನಾಚಿಕೆ ಇಲ್ಲ. ಸುರಕರ್ತದ ದೊರೆ 4ನೇ ಪಾಕುಬುವನನ ಕಾಲದಲ್ಲಿ, ಅಂದರೆ 1788ರಿಂದ 1820ರ ಒಳಗೆ, ಗಂಬ್ಯೋಂಗ್ ಎಂಬ ಹೆಸರಿನ ಒಬ್ಬಳು ಬೀದಿ ನರ್ತಕಿ ಇದ್ದಳು ಎಂದು ಅಲ್ಲಿನವರು ಹೇಳುತ್ತಾರೆ. ಹಾಡಿಗೂ ಕುಣಿತಕ್ಕೂ ಹೆಸರಾದವಳು. ಅವಳ ಹೆಸರೇ ನೃತ್ಯಕ್ಕೆ ಬಂತು. ಅಂಥವರನ್ನು ತ್ಲೆದೆಕ್ ಎನ್ನುತ್ತಿದ್ದರು. ಬೀದಿಯಲ್ಲಿ, ಹಳ್ಳಿಯ ತಾಯುಬ್ ಕೂಟಗಳಲ್ಲಿ ಕುಣಿಯುವವರು. ಗಂಡಸರು ಎದ್ದು ಬಂದು ಜೊತೆಗೆ ಕುಣಿದು ದುಡ್ಡು ಕೊಡುವ ಕೂಟಗಳು ಅವು. ಅದೇ ಹೆಂಗಸರು ಭತ್ತದ ಕೆಲಸದ ಹೊತ್ತಿಗೆ ದೇವಿ ಶ್ರೀಯನ್ನು ಕರೆಯಲೂ ಕುಣಿಯುತ್ತಿದ್ದರು. ದೇವಿ ಶ್ರೀ ಎಂದರೆ ಅವರ ಭತ್ತದ ದೇವತೆ. ಗದ್ದೆಯಿಂದ ತೆನೆ ತಂದು ಮನೆಯ ಕಂಬಕ್ಕೆ ಕಟ್ಟುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

9ನೇ ಪಾಕುಬುವನನ ಕಾಲಕ್ಕೆ, 1861ರಿಂದ 1893ರ ಒಳಗೆ, ಇದನ್ನು ತಿದ್ದಿ ದೊಡ್ಡವರ ಎದುರು ಮಾಡುವ ಹಾಗೆ ಮಾಡಿದರು. ಅದನ್ನು ಮಾಡಿದ್ದು ವ್ರೆಕ್ಸೊದಿನಿಂಗ್ರಾತ್ ಎನ್ನುವವರು. ಆಮೇಲೆ 1950ರಲ್ಲಿ ಅದೇ ಊರಿನ ಇನ್ನೊಂದು ಅರಮನೆ, 1757ರಲ್ಲಿ ಹುಟ್ಟಿದ ಮಂಗ್ಕುನೆಗಾರನ್, ಅಲ್ಲಿನ ನೃತ್ಯಗುರು ನ್ಯಿ ಬೆಯಿ ಮಿಂತೊರಾರಾಸ್ ಎಂಬ ಹೆಂಗಸು ಗಂಬ್ಯೋಂಗ್ ಪಾರೆಅನೊಮ್ ಎಂಬ ರೂಪ ಕಟ್ಟಿದರು. ಆ ಅರಮನೆಯ ಬಣ್ಣ ಹಸಿರು ಮತ್ತು ಹಳದಿ. ನಮ್ಮ ಹುಡುಗಿಯರು ಹಸಿರು ಕೆಂಬೆನ್, ಹಳದಿ ಸಂಪುರ್ ಹಾಕಿದ್ದು ಅದಕ್ಕೇ. ನಿಮ್ಮ ಫೋಟೋ ಕಪ್ಪು ಬಿಳುಪಿನ ಪುಟದಲ್ಲಿ ಬಂತು, ಅದು ಹೋಗಲಿ. ನೃತ್ಯ ಅರಮನೆಯಿಂದ ಮತ್ತೆ ಊರಿಗೆ ಬಂತು. ಈಗ ಸೋಲೋದಲ್ಲಿ ಶಾಲೆ ಮಕ್ಕಳಿಗೂ ಕಲಿಸುತ್ತಾರೆ. ಏಪ್ರಿಲ್ 29 ವಿಶ್ವ ನೃತ್ಯ ದಿನ. 2018ರಲ್ಲಿ ಆ ದಿನ ಸೋಲೋದ ಸ್ಲಾಮೆತ್ ರಿಯಾದಿ ರಸ್ತೆಯಲ್ಲಿ ಸಾವಿರಾರು ಹೆಂಗಸರು ಸಾಲಾಗಿ ನಿಂತು ಗಂಬ್ಯೋಂಗ್ ಮಾಡಿದರು. ಅದರ ವಿಡಿಯೊ ಆ ಹುಡುಗಿ ನನಗೆ ಕಳಿಸಿದ್ದಾಳೆ. ರಸ್ತೆ ಕಾಣುವುದಿಲ್ಲ, ಕೈಗಳೇ ಕಾಣುವುದು.

ಬೀದಿಯವಳ ನೃತ್ಯ ಅರಮನೆಗೆ ಹೋದದ್ದು ದೋಷ ಆದರೆ ನಮ್ಮ ಭರತನಾಟ್ಯದ ಗತಿ ಏನು? ದೇವದಾಸಿಯರ ಮನೆಗಳಲ್ಲಿ ಉಳಿದಿದ್ದ ವಿದ್ಯೆ ಅದು. ಆ ಮನೆಗಳ ಹೊರಗಿನವರಾದ ರುಕ್ಮಿಣಿ ದೇವಿ 1935ರಲ್ಲಿ ಮದ್ರಾಸಿನಲ್ಲಿ ವೇದಿಕೆ ಹತ್ತಿದಾಗ ಆಡಿಕೊಂಡವರು ಕಮ್ಮಿ ಇರಲಿಲ್ಲ. ಹೆಣ್ಣುಮಕ್ಕಳನ್ನು ದೇವದಾಸಿಯರಾಗಿ ಬಿಡುವುದನ್ನು ನಿಲ್ಲಿಸುವ ಮದ್ರಾಸ್ ಕಾನೂನು ಬಂದದ್ದು 1947ರಲ್ಲಿ. ಆಗ ನಮ್ಮ ಜಿಲ್ಲೆಯೂ ಮದ್ರಾಸ್ ಪ್ರಾಂತ್ಯದಲ್ಲೇ ಇತ್ತು. ಇವತ್ತು ಮಗಳ ರಂಗಪ್ರವೇಶಕ್ಕೆ ಲಕ್ಷಗಟ್ಟಲೆ ಖರ್ಚು ಮಾಡಿ, ಕಾರ್ಡು ಹಂಚುತ್ತೇವೆ. ಆ ಡ್ರೆಸ್ಸುಗಳನ್ನು ಹೊಲಿದೇ ನನ್ನ ಮನೆ ನಡೆದದ್ದು. ಮೂಲ ಕೇಳಿ ಹೊಲಿಯುವುದಾದರೆ ನಾನು ಅಂಗಡಿ ಮುಚ್ಚಬೇಕಾಗುತ್ತದೆ.

ಉಡುಪಿನಲ್ಲಿ ನಮ್ಮೂರಿನದೂ ಒಂದು ಇತ್ತು. ಗಂಬ್ಯೋಂಗಿನ ತುರುಬಿಗೆ ಮಲ್ಲಿಗೆ ಬೇಕು. ಇಂಡೋನೇಷ್ಯಾದ ರಾಷ್ಟ್ರೀಯ ಹೂವುಗಳಲ್ಲಿ ಬಿಳಿ ಮಲ್ಲಿಗೆ ಒಂದು. ಅವರ ಮೆಲಾತಿಯೂ ನಮ್ಮ ಶಂಕರಪುರದ ಮಲ್ಲಿಗೆಯೂ ಒಂದೇ ಜಾತಿ. ಆ ಹುಡುಗಿ ಪ್ಲಾಸ್ಟಿಕ್ ಹೂ ತಂದಿಟ್ಟುಕೊಂಡಿದ್ದಳು, ಇಲ್ಲಿ ಸಿಗುವುದಿಲ್ಲ ಎಂದುಕೊಂಡು! ನಾನು ಮಾರ್ಕೆಟಿನಿಂದ ಒಂದು ಚೆಂಡು ಮಲ್ಲಿಗೆ ತಂದುಕೊಟ್ಟೆ. ಮದುವೆ ಸೀಸನ್, ರೇಟು ಕೇಳಬೇಡಿ. ಚೆಂಡಿನಲ್ಲಿ 800 ಹೂ ಎಂದು ಹೇಳಿದಾಗ ಐವರೂ ಲೆಕ್ಕ ಹಾಕಲು ಕುಳಿತರು. ಹೂ ಮುಡಿದು ಎರಡೂವರೆ ಗಂಟೆ ಆ ಕೋಣೆಯಲ್ಲಿ ಕಾದರು. ಬಿಗಿ ಸ್ತಾಗೆನ್ ಸುತ್ತಿದ ಮೇಲೆ ಸರಿಯಾಗಿ ಕುಳಿತುಕೊಳ್ಳಲೂ ಆಗುವುದಿಲ್ಲ. ನೀರು ಕುಡಿಯಲಿಲ್ಲ. ಕುಡಿದರೆ ಮತ್ತೆ ಶೌಚಾಲಯಕ್ಕೆ ಹೋಗಬೇಕು, ಹೋದರೆ ಎಲ್ಲ ಬಿಚ್ಚಬೇಕು. ಇದು ಬರೀ ವಿದೇಶಿ ಹುಡುಗಿಯರ ಕಥೆ ಅಲ್ಲ. ನನ್ನಿಂದ ಡ್ರೆಸ್ ಕೊಂಡುಹೋಗುವ ಶಾಲೆ ಮಕ್ಕಳೂ ಹೀಗೆಯೇ ಕಾಯುತ್ತವೆ. ಪೂರ್ಣಕುಂಭ ಹಿಡಿದ ಹುಡುಗಿಯರನ್ನು ಗೇಟಿನಿಂದ ವೇದಿಕೆ ತನಕ ಬಿಸಿಲಿನಲ್ಲಿ ಸಾಲು ನಿಲ್ಲಿಸುವುದನ್ನು ನೀವೂ ನೋಡಿರುತ್ತೀರಿ. ಡ್ರೆಸ್ ವಾಪಸ್ ಬರುವಾಗ ಬೆನ್ನಿನ ಭಾಗದಲ್ಲಿ ಬೆವರಿನ ಬಿಳಿ ಗೆರೆ ಇರುತ್ತದೆ. ನೋಡಿದರೆ ಸಾಕು, ಎಷ್ಟು ಹೊತ್ತು ನಿಂತಿದ್ದಾರೆ ಎಂದು ನನಗೆ ಗೊತ್ತಾಗುತ್ತದೆ.

ನಮ್ಮ ಕಡೆ ಮನೆಗೆ ನೆಂಟರು ಬಂದರೆ ಬೆಲ್ಲ ನೀರು ಕೊಡುವುದು ಯಾವಾಗ? ಅವರು ಕಾಲು ತೊಳೆದು ಬಂದು ಕುಳಿತ ಮೇಲೆ. ಅವರು ಬಸ್ಸು ಇಳಿಯುವ ಮೊದಲೇ ಅಂಗಳದಲ್ಲಿ ಚೆಲ್ಲುವುದಿಲ್ಲ. ಸ್ವಾಗತ ನೃತ್ಯವನ್ನು ಮಾತ್ರ ನಾವು ಹಾಗೆ ಚೆಲ್ಲುತ್ತೇವೆ.

ಆದ್ದರಿಂದ ಸಂಘಟಕರಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಅತಿಥಿಗಳು ಬರಲಿ, ಕುಳಿತುಕೊಳ್ಳಲಿ, ಆಮೇಲೆ ನೃತ್ಯ ಇಡಿ. ಹತ್ತು ನಿಮಿಷಕ್ಕೆ ಸಮಯ ಇಲ್ಲ ಎಂದಾದರೆ ಮೊದಲೇ ಹೇಳಿ. ಗಂಬ್ಯೋಂಗಿಗೂ ಚಿಕ್ಕ ರೂಪ ಉಂಟು, ನಮ್ಮ ಪುಷ್ಪಾಂಜಲಿಗೂ ಉಂಟು. ಕಲಿಸಿದವರೇ ಸರಿಯಾದ ಜಾಗದಲ್ಲಿ ಕಡಿಮೆ ಮಾಡಿಕೊಡುತ್ತಾರೆ. ಸೌಂಡಿನ ಹುಡುಗನ ಕೈಗೆ ಕತ್ತರಿ ಕೊಡಬೇಡಿ. ಅತಿಥಿ ತಡವಾಗುತ್ತಾರೆ ಎಂದು ಫೋನ್ ಬಂದರೆ ಆ ಮಕ್ಕಳಿಗೂ ಒಂದು ಮಾತು ತಿಳಿಸಿ, ಸೊಂಟಪಟ್ಟಿ ಸಡಿಲ ಮಾಡಿಕೊಂಡು ಕುಳಿತಾರು. ಚಿಲಕ ಇರುವ ಒಂದು ಕೋಣೆ, ಒಂದು ಫ್ಯಾನ್ ಕೊಡಿ. ನಿರೂಪಣೆ ಮಾಡುವವರು ನೃತ್ಯದ ಹೆಸರು, ಅದು ಎಲ್ಲಿನದು ಎಂದು ಎರಡು ವಾಕ್ಯ ಕಲಿತುಕೊಂಡು ಬರಲಿ. ಮುಖ್ಯ ಅತಿಥಿಯ ಡಿಗ್ರಿಗಳನ್ನೆಲ್ಲ ಬಾಯಿಪಾಠ ಮಾಡುವವರಿಗೆ ಇದು ಕಷ್ಟವೇ? ಆ ದಿನ ಅವರು ‘ಈಗ ಇಂಡೋನೇಷ್ಯಾ ಡ್ಯಾನ್ಸ್’ ಅಂದರು. ಅಷ್ಟೇ.

ಅತಿಥಿಗಳ ಬಗ್ಗೆಯೂ ಒಂದು ಮಾತು. ಅಂದು ಬಂದವರು ಭಾಷಣದಲ್ಲಿ ಸಂಸ್ಕೃತಿ ಉಳಿಸಬೇಕೆಂದು ಚೆನ್ನಾಗಿಯೇ ಮಾತಾಡಿದರು. ತಮಗಾಗಿ ಒಂದು ನೃತ್ಯ ಇತ್ತು, ತಮ್ಮ ಕಾರಿನಿಂದಲೇ ಅದು ನಿಂತಿತು ಎಂದು ಅವರಿಗೆ ಯಾರೂ ಹೇಳಿರಲಿಕ್ಕಿಲ್ಲ. ಗೊತ್ತಿದ್ದರೆ ‘ಅದನ್ನು ಮೊದಲಿನಿಂದ ಮಾಡಿಸಿ, ನೋಡುತ್ತೇನೆ’ ಎಂದು ಹೇಳುತ್ತಿದ್ದರೇನೋ. ಹಾಗೆ ಹೇಳುವ ಅತಿಥಿಗಳನ್ನು ನಾನು ಕಂಡದ್ದು ಅಪರೂಪ, ಆದರೆ ಕಂಡದ್ದುಂಟು.

ಕೊನೆಗೆ ನಿಮ್ಮ ಪತ್ರಿಕೆಗೆ. ಆ ಫೋಟೋ ಚೆನ್ನಾಗಿತ್ತು, ಹುಡುಗಿಯರು ಅದನ್ನು ಕತ್ತರಿಸಿ ಇಟ್ಟುಕೊಂಡಿದ್ದಾರೆ. ‘ವಿದೇಶಿ ಬೆಡಗಿಯರು’ ಎಂದರೆ ಏನು ಎಂದು ನನ್ನ ಹತ್ತಿರ ಕೇಳಿದರು, ನಾನು ಮಾತು ಹಾರಿಸಿದೆ. ಇನ್ನೊಮ್ಮೆ ಅವರು ಎಲ್ಲಾದರೂ ನೃತ್ಯ ಮಾಡಿದಾಗ ನಿಮ್ಮ ವರದಿಗಾರರು ಬಂದರೆ, ಕೆಳಗೆ ಹೀಗೆ ಹಾಕಿ: ‘ಮಧ್ಯ ಜಾವಾದ ಸುರಕರ್ತ ನಗರದ ಗಂಬ್ಯೋಂಗ್ ನೃತ್ಯ.’ ಜಾಗ ಉಳಿದರೆ ಐವರ ಹೆಸರನ್ನೂ ಹಾಕಿ, ಅವರನ್ನೇ ಕೇಳಿ ಬರೆದುಕೊಳ್ಳಿ. ಕನ್ನಡ ಅಲ್ಪಸ್ವಲ್ಪ ಬರುತ್ತದೆ ಅವರಿಗೆ.

ಇತಿ,
ಸುಗುಣಾ ಎಸ್., ಉಡುಪಿ